ಮೇಷ್ಟ್ರ ಬಡ್ತಿ ಫೈಲಿನಲ್ಲಿ ಪಾಠ ಎಲ್ಲಿದೆ?

ಬೆಳಗಾವಿಯ ಚನ್ನಮ್ಮ ಸರ್ಕಲ್ ಹತ್ತಿರದ ಒಂದು ಜೆರಾಕ್ಸ್ ಅಂಗಡಿಯಲ್ಲಿ ಮೊನ್ನೆ ಹಳೆಯ ಗೆಳೆಯ ಸಿಕ್ಕ. ವಿಶ್ವವಿದ್ಯಾಲಯವೊಂದರಲ್ಲಿ ಅರ್ಥಶಾಸ್ತ್ರ ಪಾಠ ಮಾಡುತ್ತಾನೆ. ಕೌಂಟರ್ ಮೇಲೆ ಅವನ ಹದಿನಾಲ್ಕು ವರ್ಷದ ನೌಕರಿ ಹರಡಿಕೊಂಡಿತ್ತು. ಓರಿಯೆಂಟೇಶನ್ ಸರ್ಟಿಫಿಕೇಟು, ರಿಫ್ರೆಶರ್ ಸರ್ಟಿಫಿಕೇಟು, ಪ್ರಬಂಧಗಳ ಮೊದಲ ಪುಟ, ಎನ್‌ಎಸ್‌ಎಸ್ ಶಿಬಿರದ ಆದೇಶ, ಪರೀಕ್ಷಾ ಕೆಲಸದ ಪತ್ರಗಳು. ಎಲ್ಲ ಮೂರು ಸೆಟ್ ಆಗಬೇಕು. 'ಪ್ರತಿ ಹಾಳಿಗೂ ಸಹಿ ಹಾಕಿ ಹಾಕಿ ಕೈ ಬಿದ್ದೈತಿ ಮಾರಾಯಾ' ಎಂದ. ಬೈಂಡಿಂಗ್ ಆಗುವವರೆಗೆ ಕುಳಿತು ನಾನೂ ಪುಟ ತಿರುವಿದೆ. ಇನ್ನೂರಕ್ಕೂ ಜಾಸ್ತಿ ಹಾಳೆ. ಅವನು ತರಗತಿಯಲ್ಲಿ ಏನು ಮಾಡುತ್ತಾನೆ ಅಂತ ಹೇಳುವ ಹಾಳೆ ಒಂದೂ ಇರಲಿಲ್ಲ.

ಅವನ ಪಾಠ ನಾನು ಕೇಳಿದ್ದೇನೆ. ಒಬ್ಬನೇ ಕೊಳ್ಳುವವನಿರುವ ಮಾರುಕಟ್ಟೆ ಅಂದರೇನು ಅಂತ ಹೇಳಬೇಕಿತ್ತು. ಗೋಕಾಕ, ರಾಯಬಾಗ ಕಡೆಯ ಹುಡುಗರು ಕುಳಿತಿದ್ದರು. 'ಕಬ್ಬು ಕಡಿದ ಮೇಲೆ ನಿಮ್ಮಪ್ಪ ಎಷ್ಟು ದಿನ ಕಾಯಬಹುದು?' ಎಂದು ಕೇಳಿದ. ಹಿಂದಿನ ಬೆಂಚಿನ ಹುಡುಗ ಎದ್ದು ನಿಂತು, 'ಕಾಯಾಕ ಬರೂದಿಲ್ರಿ ಸರ್, ಒಣಗಿ ತೂಕ ಇಳೀತೈತ್ರಿ' ಎಂದ. ಅಲ್ಲಿಂದ ಪಾಠ ತಾನಾಗಿಯೇ ಓಡಿತು. ಕಾಯಲು ಆಗದವನ ಕೈಯಲ್ಲಿ ಸರಕು ಇದ್ದರೆ ಬೆಲೆ ಯಾರು ಹೇಳುತ್ತಾರೆ? ಸರ್ಕಾರ ಕಬ್ಬಿಗೆ ಎಫ್‌ಆರ್‌ಪಿ ಅಂತ ಒಂದು ಕನಿಷ್ಠ ದರ ಯಾಕೆ ಕಟ್ಟುತ್ತದೆ? ಮುಂದಿನ ಮುಕ್ಕಾಲು ಗಂಟೆ ಯಾರೂ ಮೊಬೈಲ್ ಮುಟ್ಟಲಿಲ್ಲ. ಬಡ್ತಿಯ ಲೆಕ್ಕದಲ್ಲಿ ಈ ಮುಕ್ಕಾಲು ಗಂಟೆಗೆ ಜಾಗವೇ ಇಲ್ಲ.

ಇದು ಅವನೊಬ್ಬನ ಗೋಳಲ್ಲ, ನಿಯಮ ಇರುವುದೇ ಹಾಗೆ. ವಿಶ್ವವಿದ್ಯಾಲಯ ಅನುದಾನ ಆಯೋಗದ, ಅಂದರೆ ಯುಜಿಸಿಯ, 2018ರ ನಿಯಮಾವಳಿ ಪ್ರಕಾರ ಸಹಾಯಕ ಪ್ರಾಧ್ಯಾಪಕನ ನೌಕರಿ ವೇತನದ 10ನೇ ಹಂತದಲ್ಲಿ ಶುರುವಾಗುತ್ತದೆ, ಮೂಲವೇತನ 57,700 ರೂಪಾಯಿ. ಅಲ್ಲಿಂದ 11, 12, ಆಮೇಲೆ 13ಎ ಅಂದರೆ ಸಹ ಪ್ರಾಧ್ಯಾಪಕ, ಆಮೇಲೆ 14 ಅಂದರೆ ಪ್ರಾಧ್ಯಾಪಕ. ಪಿಎಚ್‌ಡಿ ಇದ್ದವರಿಗೆ ಮೊದಲ ಮೆಟ್ಟಿಲಿಗೆ ನಾಲ್ಕು ವರ್ಷ, ಎರಡನೆಯದಕ್ಕೆ ಐದು, ಮೂರನೆಯದಕ್ಕೆ ಮೂರು, ನಾಲ್ಕನೆಯದಕ್ಕೆ ಇನ್ನೂ ಮೂರು. ಈ ಬಡ್ತಿ ಯೋಜನೆಗೆ ಸಿಎಎಸ್ (ಕರಿಯರ್ ಅಡ್ವಾನ್ಸ್‌ಮೆಂಟ್ ಸ್ಕೀಮ್) ಅಂತ ಹೆಸರು. ಹಳಬರು ಸ್ಟಾಫ್ ರೂಮಿನಲ್ಲಿ ಇವತ್ತಿಗೂ 'ಸೆವೆನ್ ಥೌಸಂಡ್ ಆತೇನ್ರಿ?' ಅಂತಲೇ ಕೇಳುತ್ತಾರೆ. ಅದು ಆರನೇ ವೇತನ ಆಯೋಗದ ಕಾಲದ ಮಾತು, ಆಗ ಹಂತಗಳನ್ನು ಎಜಿಪಿ ಅಂದರೆ ಅಕಾಡೆಮಿಕ್ ಗ್ರೇಡ್ ಪೇ ಮೊತ್ತದಿಂದ ಗುರುತಿಸುತ್ತಿದ್ದರು.

ಇದರಲ್ಲಿ ಪಾಠಕ್ಕೆ ಸಿಕ್ಕ ಜಾಗ ನೋಡಿ. ಹಂಚಿಕೊಟ್ಟ ತರಗತಿಗಳಲ್ಲಿ ಶೇ 80ರಷ್ಟು ಅಥವಾ ಅದಕ್ಕಿಂತ ಹೆಚ್ಚು ತೆಗೆದುಕೊಂಡರೆ 'ಉತ್ತಮ'. 70ರಿಂದ 80 ಆದರೆ 'ತೃಪ್ತಿಕರ'. ಅದಕ್ಕಿಂತ ಕಡಿಮೆಯಾದರೆ 'ಅತೃಪ್ತಿಕರ'. ಇಷ್ಟೇ. ಅಂದರೆ ಮೇಷ್ಟ್ರ ಹಾಜರಿ. ಹತ್ತು ವರ್ಷದ ಹಳೇ ನೋಟ್ಸ್ ಓದಿ ಬರೆಸಿದವನೂ 'ಉತ್ತಮ'ನೇ, ಕಬ್ಬಿನ ಗಳ ಹಿಡಿದು ಅರ್ಥಶಾಸ್ತ್ರ ಹೇಳಿದವನೂ 'ಉತ್ತಮ'ನೇ. ಪಾಠದ ಗುಣ ಅಳೆಯುವುದು ಕಷ್ಟ ಅನ್ನುವುದು ನಿಜ. ಆದರೆ ಕಷ್ಟ ಅಂತ ಬಿಟ್ಟ ಜಾಗವನ್ನು ಅಳೆಯಲು ಸುಲಭವಾದದ್ದೆಲ್ಲ ಬಂದು ತುಂಬಿಕೊಂಡಿತು.

ಅದರಲ್ಲಿ ಮೊದಲನೆಯದು ಸರ್ಟಿಫಿಕೇಟು. 11ಕ್ಕೆ ಹೋಗಲು 21 ದಿನದ ಒಂದು ಓರಿಯೆಂಟೇಶನ್ ತರಬೇತಿ ಬೇಕು. ಮುಂದಿನ ಹಂತಗಳಿಗೆ ರಿಫ್ರೆಶರ್ ಅಥವಾ ಆನ್‌ಲೈನ್ ಮೂಕ್ ಕೋರ್ಸು. ನಮ್ಮ ಮಾತಿನಲ್ಲಿ ಓಸಿ, ಆರ್‌ಸಿ. 1986ರ ಶಿಕ್ಷಣ ನೀತಿಯ ಬೆನ್ನಲ್ಲೇ ಈ ತರಬೇತಿ ಕೊಡಲು ಅಕಾಡೆಮಿಕ್ ಸ್ಟಾಫ್ ಕಾಲೇಜುಗಳು ಹುಟ್ಟಿದವು. ಆಮೇಲೆ ಅವು ಮಾನವ ಸಂಪನ್ಮೂಲ ಅಭಿವೃದ್ಧಿ ಕೇಂದ್ರಗಳಾದವು, 2023ರಿಂದ ಮಾಳವೀಯ ಮಿಷನ್ ಶಿಕ್ಷಕರ ತರಬೇತಿ ಕೇಂದ್ರಗಳು. ಮೊದಲು ಚೀಲ ತುಂಬಿಕೊಂಡು ಮೈಸೂರು, ಬೆಂಗಳೂರಿನ ಕಡೆ ರೈಲು ಹತ್ತಬೇಕಿತ್ತು. ಈಗ ಮನೆಯಲ್ಲೇ ಕುಳಿತು ವಿಡಿಯೋ ಆಫ್, ಮೈಕ್ ಮ್ಯೂಟ್. ಒಂದು ಕಡೆ ಕುಕ್ಕರ್ ಸೀಟಿ, ಇನ್ನೊಂದು ಕಡೆ ಬೋಧನಾ ವಿಧಾನದ ಮೇಲೆ ಉಪನ್ಯಾಸ. ಸಂಜೆ ಫೀಡ್‌ಬ್ಯಾಕ್ ಫಾರ್ಮ್ ತುಂಬಿದರೆ ಹಾಜರಿ ಬಿತ್ತು.

ನಾನೂ ಹಾಗೆ ಮಾಡಿದ್ದೇನೆ, ಸುಳ್ಳು ಯಾಕೆ ಹೇಳಲಿ. ಆದರೆ ಮೈಸೂರಿನ ಹಾಸ್ಟೆಲಿನಲ್ಲಿ ಮೂರು ವಾರ ಕಳೆದ ಹಳೇ ಕೋರ್ಸು ಇವತ್ತಿಗೂ ನೆನಪಿದೆ. ಹಗಲಿನ ಉಪನ್ಯಾಸ ಒಂದೂ ನೆನಪಿಲ್ಲ. ನೆನಪಿರುವುದು ರಾತ್ರಿ ಊಟ ಆದ ಮೇಲೆ ರಾಯಚೂರಿನ ಮೇಷ್ಟ್ರೊಬ್ಬರು ಹೇಳಿದ್ದು. ನೂರಿಪ್ಪತ್ತು ಹುಡುಗರ ತರಗತಿಯಲ್ಲಿ ಪ್ರಶ್ನೆ ಕೇಳುವುದು ಹೇಗೆ ಅಂತ. 'ಮೊದಲು ಪಕ್ಕದವನ ಜೊತೆ ಎರಡು ನಿಮಿಷ ಜಗಳಾಡ್ರಿ ಅನ್ರಿ, ಆಮೇಲೆ ಕೈ ಎತ್ತಿಸ್ರಿ.' ಮರುದಿನದಿಂದಲ್ಲ, ಮರುವರ್ಷದಿಂದ ನಾನೂ ಅದನ್ನೇ ಮಾಡುತ್ತಿದ್ದೇನೆ. ಮೇಷ್ಟ್ರು ಬೆಳೆಯುವುದು ಇನ್ನೊಬ್ಬ ಮೇಷ್ಟ್ರ ಸಹವಾಸದಲ್ಲಿ. ಆನ್‌ಲೈನ್ ಆದಾಗ ಖರ್ಚಿನ ಜೊತೆ ಆ ಸಹವಾಸವೂ ಉಳಿಯಿತು, ಅಂದರೆ ಇಲ್ಲದೇ ಹೋಯಿತು.

ಇನ್ನೊಂದು ವಿಷಯ. 1970ರಲ್ಲಿ ಕೇಂದ್ರ ಸರ್ಕಾರ ಇಂಜಿನಿಯರಿಂಗ್ ಶಿಕ್ಷಕರಿಗಾಗಿ ಕ್ಯೂಐಪಿ (ಕ್ವಾಲಿಟಿ ಇಂಪ್ರೂವ್‌ಮೆಂಟ್ ಪ್ರೋಗ್ರಾಂ) ಅಂತ ಒಂದು ಯೋಜನೆ ತಂದಿತು. ಕಾಲೇಜಿನಲ್ಲಿ ನೌಕರಿ ಉಳಿಸಿಕೊಂಡೇ ಐಐಟಿಯಂಥ ಕಡೆ ಹೋಗಿ ಪಿಎಚ್‌ಡಿ ಮುಗಿಸಿ ಬರುವುದು. ಯುಜಿಸಿಯ ಫ್ಯಾಕಲ್ಟಿ ಇಂಪ್ರೂವ್‌ಮೆಂಟ್ ಯೋಜನೆಯ ಅರ್ಥವೂ ಅದೇ. ಹಿಂದಿನವರು ಶಿಕ್ಷಕರ ಬೆಳವಣಿಗೆಯನ್ನು ವರ್ಷಗಳಲ್ಲಿ ಅಳೆದರು. ನಾವು ದಿನಗಳಲ್ಲಿ ಅಳೆಯುತ್ತಿದ್ದೇವೆ. ಶಿಕ್ಷಕರ ತರಬೇತಿಗೆ ಈಗ ಎಫ್‌ಡಿಪಿ ಅಂತ ಹೆಸರು, ಐದು ದಿನದ ಎಫ್‌ಡಿಪಿ, ಆರು ದಿನದ ಎಫ್‌ಡಿಪಿ. ಇಡೀ ರಾಜ್ಯದ ಇಂಜಿನಿಯರಿಂಗ್ ಕಾಲೇಜುಗಳಿಗೆ ತಾಯಿಮನೆಯಾದ, 1998ರಲ್ಲಿ ಹುಟ್ಟಿದ ವಿಟಿಯು, ಅಂದರೆ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ, ಬೆಳಗಾವಿ ಪಕ್ಕದ ನಮ್ಮ ಮಚ್ಛೆಯಲ್ಲೇ ಇದೆ. ಅಲ್ಲಿಗೆ ಸೇರಿದ ಕಾಲೇಜುಗಳ ಹುಡುಗ ಮೇಷ್ಟ್ರುಗಳನ್ನು ಕೇಳಿದರೆ ವರ್ಷಕ್ಕೆ ಎಷ್ಟು ಎಫ್‌ಡಿಪಿ ಆಯಿತು ಅಂತ ಬಾಯಿಪಾಠ ಹೇಳುತ್ತಾರೆ. ಏನು ಕಲಿತಿರಿ ಅಂದರೆ ನಗುತ್ತಾರೆ.

ಎರಡನೆಯದು ಪ್ರಕಟಣೆ. ಇಲ್ಲಿ ಲೆಕ್ಕ ಸ್ವಾರಸ್ಯವಾಗಿದೆ. ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕ ಹುದ್ದೆಗೆ ಬಡ್ತಿ ಬೇಕಾದರೆ ಹತ್ತು ಪ್ರಕಟಣೆ, ಜೊತೆಗೆ ಕನಿಷ್ಠ 110 ಸಂಶೋಧನಾ ಅಂಕ. ಭಾಷೆ, ಸಮಾಜ ವಿಜ್ಞಾನಗಳಲ್ಲಿ ಒಂದು ಪ್ರಬಂಧಕ್ಕೆ 10 ಅಂಕ, ವಿಜ್ಞಾನದಲ್ಲಿ 8. ರಾಷ್ಟ್ರೀಯ ಪ್ರಕಾಶಕರಿಂದ ಬಂದ ಇಡೀ ಪುಸ್ತಕಕ್ಕೂ 10. ಪುಸ್ತಕವೊಂದನ್ನು ಅನುವಾದ ಮಾಡಿದರೆ 8.

ಬೆಳಗಾವಿಯಲ್ಲಿ ಕುಳಿತು ಈ ಕೊನೆಯ ಸಾಲು ಓದಿದರೆ ಹೊಟ್ಟೆ ಉರಿಯುತ್ತದೆ. ಒಂದೇ ಓಣಿಯಲ್ಲಿ ಕನ್ನಡ, ಮರಾಠಿ ಎರಡೂ ಮನೆಮಾತಾಗಿರುವ ಊರು ಇದು. ಮರಾಠಿಯ ಒಂದು ದಪ್ಪ ಇತಿಹಾಸ ಗ್ರಂಥವನ್ನು ಮೂರು ವರ್ಷ ಕುಳಿತು ಕನ್ನಡಕ್ಕೆ ತಂದರೆ 8 ಅಂಕ. ಆರು ಪುಟದ ಒಂದು ಪ್ರಬಂಧ ಮಾನ್ಯತೆ ಇರುವ ಪತ್ರಿಕೆಯಲ್ಲಿ ಬಂದರೆ 10. ಬುದ್ಧಿ ಇದ್ದವನು ಯಾವುದು ಮಾಡುತ್ತಾನೆ? ವಿಜಯಪುರದಲ್ಲಿ ವಕೀಲಿ ಮಾಡುತ್ತ, ತಾಳೆಗರಿ ಹುಡುಕಿ ಊರೂರು ಅಲೆದು, ಸ್ವಂತ ಮುದ್ರಣಾಲಯ ಹಾಕಿ, 1926ರಲ್ಲಿ 'ಶಿವಾನುಭವ' ಪತ್ರಿಕೆ ಶುರು ಮಾಡಿ ವಚನಗಳನ್ನು ಉಳಿಸಿಕೊಟ್ಟ ಫ.ಗು. ಹಳಕಟ್ಟಿಯವರು ಇವತ್ತು ಈ ಫಾರ್ಮ್ ತುಂಬಿದ್ದರೆ ಪರಿಶೀಲನಾ ಸಮಿತಿ ಕೇಳುವ ಮೊದಲ ಪ್ರಶ್ನೆ 'ಐಎಸ್‌ಎಸ್‌ಎನ್ ಐತೇನ್ರಿ?' ಅಂತಲೇ ಇರುತ್ತಿತ್ತು. ಐಎಸ್‌ಎಸ್‌ಎನ್ ಅಂದರೆ ಪತ್ರಿಕೆಯ ಗುರುತಿನ ನಂಬರು. ತಮಾಷೆಗೆ ಹೇಳಿದೆ, ಆದರೆ ಪೂರ್ತಿ ತಮಾಷೆಯೂ ಅಲ್ಲ.

ಅಂಕಕ್ಕೆ ಬೇಡಿಕೆ ಇದ್ದ ಕಡೆ ಅಂಗಡಿ ಹುಟ್ಟಲೇಬೇಕಲ್ವಾ? ವಾಟ್ಸಾಪಿನಲ್ಲಿ ವಾರಕ್ಕೊಮ್ಮೆಯಾದರೂ ಬರುತ್ತದೆ, 'ಮಾನ್ಯ ಪ್ರಾಧ್ಯಾಪಕರೇ, 48 ಗಂಟೆಯಲ್ಲಿ ಪ್ರಕಟಣೆ, ಸರ್ಟಿಫಿಕೇಟ್ ಉಚಿತ.' ಯುಜಿಸಿ ಇಂಥ ಪತ್ರಿಕೆಗಳನ್ನು ಹೊರಗಿಡಲು ಕೇರ್ ಪಟ್ಟಿ ಅಂತ ಮಾಡಿತ್ತು. 2025ರ ಫೆಬ್ರವರಿಯಲ್ಲಿ ಅದನ್ನೂ ಕೈಬಿಟ್ಟು, ಯಾವುದು ಒಳ್ಳೆಯ ಪತ್ರಿಕೆ ಅಂತ ಆಯಾ ಸಂಸ್ಥೆಗಳೇ ನೋಡಿಕೊಳ್ಳಲಿ ಅಂದಿತು. ಇದು ತಲೆನೋವೂ ಹೌದು, ಅವಕಾಶವೂ ಹೌದು. ಇಷ್ಟು ದಿನ 'ಪಟ್ಟಿಯಲ್ಲಿಲ್ಲ' ಅಂತ ಹೊರಗುಳಿದ ಕನ್ನಡದ ಗಟ್ಟಿ ಪತ್ರಿಕೆಗಳನ್ನು ಒಳಗೆ ಕರೆಯುವ ಅಧಿಕಾರ ಈಗ ವಿಶ್ವವಿದ್ಯಾಲಯದ ಕೈಗೇ ಬಂದಿದೆ. ಆ ಕೆಲಸಕ್ಕೆ ಓದಿಕೊಂಡ ನಾಲ್ಕು ಜನ ಕುಳಿತು ಸಂಚಿಕೆಗಳನ್ನು ತಿರುವಿ ನೋಡಬೇಕು. ಕುಳಿತುಕೊಳ್ಳದಿದ್ದರೆ 48 ಗಂಟೆಯವರೇ ಬಂದು ಕುಳಿತುಕೊಳ್ಳುತ್ತಾರೆ.

2025ರ ಜನವರಿಯಲ್ಲಿ ಯುಜಿಸಿ ಬಿಟ್ಟ ಹೊಸ ಕರಡು ಈ ಅಂಕದ ಲೆಕ್ಕವನ್ನೇ ತೆಗೆದು, ಒಂಬತ್ತು ಬಗೆಯ ಕೊಡುಗೆಗಳಲ್ಲಿ ನಾಲ್ಕನ್ನಾದರೂ ತೋರಿಸಿ ಅಂದಿತು. ಅದರಲ್ಲಿ ಹೊಸ ಬಗೆಯ ಬೋಧನೆ ಇದೆ, ಭಾರತೀಯ ಭಾಷೆಗಳಲ್ಲಿ ಬೋಧನೆಯ ಕೊಡುಗೆಯೂ ಇದೆ. ಅದೇ ಕರಡಿನಲ್ಲಿದ್ದ ಕುಲಪತಿ ಆಯ್ಕೆಯ ನಿಯಮದ ವಿರುದ್ಧ ಕರ್ನಾಟಕವೂ ಸೇರಿ ಹಲವು ರಾಜ್ಯಗಳು ಎದ್ದು ನಿಂತವು, ಅದು ನ್ಯಾಯವೇ. ಆದರೆ ಆ ಗದ್ದಲದಲ್ಲಿ ಬಡ್ತಿಯ ಭಾಗವನ್ನು ಯಾರೂ ಸರಿಯಾಗಿ ಓದಲಿಲ್ಲ. ಅಂಕ ಹೋಗಿ 'ಕೊಡುಗೆ' ಬಂದರೆ ಅದನ್ನು ತೂಗುವವರು ಯಾರು? ತಕ್ಕಡಿ ಸಮಿತಿಯ ಕೈಗೆ ಹೋಗುತ್ತದೆ. ಒಳ್ಳೆಯ ಸಮಿತಿ ಇದ್ದರೆ ಕಬ್ಬಿನ ಪಾಠಕ್ಕೂ ಬೆಲೆ ಬಂದೀತು. ಇಲ್ಲದಿದ್ದರೆ ಯಾರ ಕಡೆಯವನು ಅನ್ನುವುದೇ ಕೊಡುಗೆಯಾದೀತು.

ಇಲ್ಲಿಯವರೆಗೆ ಹೇಳಿದ್ದೆಲ್ಲ ಏಣಿ ಹತ್ತಿದವರ ಕಥೆ. ಬೆಳಗಾವಿ, ವಿಜಯಪುರ, ಬಾಗಲಕೋಟೆ, ನಮ್ಮ ಈ ಮೂರು ಜಿಲ್ಲೆಗಳಲ್ಲಿ ದೊಡ್ಡ ಪ್ರಶ್ನೆ ಬೇರೆಯೇ ಇದೆ, ಏಣಿಯ ಹತ್ತಿರವೂ ಬರಲಾಗದವರದ್ದು.

ವಿಶ್ವವಿದ್ಯಾಲಯಗಳಿಗೆ ಇಲ್ಲಿ ಕೊರತೆಯಿಲ್ಲ. ವಿಜಯಪುರದಲ್ಲಿ 2003ರಿಂದ ಮಹಿಳಾ ವಿಶ್ವವಿದ್ಯಾಲಯ, ಬಾಗಲಕೋಟೆಯಲ್ಲಿ 2008ರಿಂದ ತೋಟಗಾರಿಕೆ, ಬೆಳಗಾವಿ ಹತ್ತಿರದ ಭೂತರಾಮನಹಟ್ಟಿಯಲ್ಲಿ 2010ರಿಂದ ರಾಣಿ ಚನ್ನಮ್ಮ. ಜಮಖಂಡಿಯಲ್ಲಿ 2023ರಲ್ಲಿ ಬಾಗಲಕೋಟೆ ವಿಶ್ವವಿದ್ಯಾಲಯ ಶುರುವಾಯಿತು. ಎರಡೇ ವರ್ಷಕ್ಕೆ, 2025ರ ಫೆಬ್ರವರಿಯಲ್ಲಿ, ಮುಚ್ಚುವ ಮಾತು ಕೇಳಿಬಂದ ಒಂಬತ್ತರ ಪಟ್ಟಿಯಲ್ಲಿ ಅದರ ಹೆಸರೂ ಇತ್ತು. ಬೋರ್ಡು ಬರೆಸುವುದು ಸುಲಭ, ಹುದ್ದೆ ಕೊಡುವುದು ಕಷ್ಟ. ಪಕ್ಕದ ಕಲ್ಯಾಣ ಕರ್ನಾಟಕಕ್ಕಾದರೆ ಸಂವಿಧಾನದ 371ಜೆ ವಿಧಿಯ ವಿಶೇಷ ಸ್ಥಾನ ಇದೆ. ನಮ್ಮ ಕಿತ್ತೂರು ಕರ್ನಾಟಕಕ್ಕೆ ಹೆಸರೊಂದೇ ಸಿಕ್ಕಿದ್ದು.

ಹುದ್ದೆ ಖಾಲಿ ಬಿದ್ದರೆ ತರಗತಿ ನಿಲ್ಲುವುದಿಲ್ಲ, ಅತಿಥಿ ಉಪನ್ಯಾಸಕರು ಬರುತ್ತಾರೆ. ಕಾಯಂ ಆಗಿರುವ ಇಬ್ಬರು ಮೂವರು ನ್ಯಾಕ್ ಮೌಲ್ಯಮಾಪನದ ಕಡತ, ಪರೀಕ್ಷೆ, ಹಾಸ್ಟೆಲ್ ವಾರ್ಡನ್, ಪ್ರವೇಶಾತಿ ಅಂತ ಓಡಾಡುತ್ತಾರೆ. ಪಾಠ ಗೆಸ್ಟ್‌ಗಳ ಪಾಲಿಗೆ, ಫೈಲು ಪರ್ಮನೆಂಟ್‌ಗಳ ಪಾಲಿಗೆ.

ನನಗೆ ಗೊತ್ತಿರುವ ಒಬ್ಬರು ಬೈಲಹೊಂಗಲದ ಕಡೆಯವರು. ಪಿಎಚ್‌ಡಿ ಆಗಿದೆ, ಉಪನ್ಯಾಸಕರ ಅರ್ಹತಾ ಪರೀಕ್ಷೆ ಕೆ-ಸೆಟ್ ಆಗಿದೆ, ಹನ್ನೊಂದು ವರ್ಷದಿಂದ ಪಾಠ ಮಾಡುತ್ತಿದ್ದಾರೆ. ಬೆಳಿಗ್ಗೆ ಏಳರ ಬಸ್ಸು, ಡಬ್ಬಿಯಲ್ಲಿ ರೊಟ್ಟಿ, ಶೇಂಗಾ ಚಟ್ನಿ. ಸೆಮಿಸ್ಟರ್ ಮುಗಿದ ದಿನ ನೌಕರಿಯೂ ಮುಗಿಯಿತು. ಮುಂದಿನ ಸೆಮಿಸ್ಟರಿಗೆ ಮತ್ತೆ ಅರ್ಜಿ, ಮತ್ತೆ ಪಟ್ಟಿ. ಸರ್ಕಾರಿ ಪದವಿ ಕಾಲೇಜುಗಳಲ್ಲಿ ಇಂಥವರ ತಿಂಗಳ ಗೌರವಧನವನ್ನು 2022ರ ಜನವರಿಯಲ್ಲಿ ಏರಿಸಿ, ಅರ್ಹತೆ, ಅನುಭವ ನೋಡಿ 26 ಸಾವಿರದಿಂದ 32 ಸಾವಿರ ರೂಪಾಯಿ ಅಂತ ಮಾಡಿದರು. ತರಗತಿ ಬಹಿಷ್ಕರಿಸಿ, ತುಮಕೂರಿನಿಂದ ಬೆಂಗಳೂರಿಗೆ ಕಾಲ್ನಡಿಗೆ ಹೊರಟ ಮೇಲೆ 2024ರ ಆರಂಭದಲ್ಲಿ ಇನ್ನೂ 5ರಿಂದ 8 ಸಾವಿರ ಜಾಸ್ತಿಯಾಯಿತು. ಸಂಬಳದ ಜಗಳ ಎಲ್ಲರಿಗೂ ಗೊತ್ತು. ಗೊತ್ತಿಲ್ಲದ್ದು ಇನ್ನೊಂದಿದೆ.

ಮುಂದೆ ಇವರಿಗೆ ಕಾಯಂ ನೌಕರಿ ಸಿಕ್ಕಿತು ಅಂದುಕೊಳ್ಳಿ. ಹನ್ನೊಂದು ವರ್ಷದ ಅನುಭವ ಬಡ್ತಿಗೆ ಲೆಕ್ಕಕ್ಕೆ ಬರುತ್ತದೆಯೇ? ಹಿಂದಿನ ತಾತ್ಕಾಲಿಕ ಸೇವೆಯನ್ನು ಎಣಿಸಲು 2018ರ ನಿಯಮ ಕೆಲವು ಷರತ್ತು ಹಾಕುತ್ತದೆ. ಸರಿಯಾದ ಆಯ್ಕೆ ಸಮಿತಿಯ ಮೂಲಕ ನೇಮಕ ಆಗಿರಬೇಕು. ಆಗ ಸಿಗುತ್ತಿದ್ದ ಒಟ್ಟು ಸಂಬಳ ಕಾಯಂ ಸಹಾಯಕ ಪ್ರಾಧ್ಯಾಪಕನ ಒಟ್ಟು ಸಂಬಳಕ್ಕಿಂತ ಕಡಿಮೆ ಇರಬಾರದು. ಎರಡನೇ ಷರತ್ತು ಇನ್ನೊಮ್ಮೆ ಓದಿ. ಸರ್ಕಾರವೇ ಕಡಿಮೆ ಕೊಟ್ಟಿತು. ಕಡಿಮೆ ಕೊಟ್ಟ ಕಾರಣಕ್ಕೇ ಆ ವರ್ಷಗಳು ವರ್ಷಗಳೇ ಅಲ್ಲ ಅಂತಾಯಿತು. ನಲವತ್ತರ ವಯಸ್ಸಿನಲ್ಲಿ ಅವರು 25ರ ಹುಡುಗಿಯ ಜೊತೆ ಸೊನ್ನೆಯಿಂದ ಎಣಿಸಬೇಕು.

ಇನ್ನು ಪಿಎಚ್‌ಡಿ ಮಾರ್ಗದರ್ಶನ. 2022ರ ನಿಯಮದಂತೆ ಕಾಯಂ ಶಿಕ್ಷಕರು ಮಾತ್ರ ಮಾರ್ಗದರ್ಶಕರಾಗಬಹುದು. ಪ್ರಾಧ್ಯಾಪಕನಿಗೆ ಎಂಟು ಸಂಶೋಧಕರು, ಸಹ ಪ್ರಾಧ್ಯಾಪಕನಿಗೆ ಆರು, ಸಹಾಯಕನಿಗೆ ನಾಲ್ಕು. ವಿಭಾಗದಲ್ಲಿ ಕಾಯಂ ಇರುವವರೇ ಇಬ್ಬರಾದರೆ, ಅದರಲ್ಲೂ ಬಡ್ತಿ ತಡವಾಗಿ ಇನ್ನೂ ಸಹಾಯಕರಾಗಿಯೇ ಉಳಿದಿದ್ದರೆ, ಇಡೀ ವಿಭಾಗಕ್ಕೆ ಎಂಟೇ ಸೀಟು. ಮೇಷ್ಟ್ರ ಬಡ್ತಿ ನಿಂತರೆ ಹುಡುಗರ ಸೀಟೂ ನಿಂತಿತು. ಇದು ಮೇಷ್ಟ್ರ ಮನೆಯ ವಿಷಯವಷ್ಟೇ ಅಲ್ಲ ಅನ್ನುವುದು ಅದಕ್ಕೇ.

ನನ್ನ ಗೆಳೆಯನದ್ದು ಇದೇ ಕಥೆ. ಎರಡನೇ ಬಡ್ತಿಯ ಆದೇಶ ಎರಡು ವರ್ಷ ತಡವಾಗಿ ಬಂತು, ಅದು ಬರದೆ ಮೂರನೆಯದಕ್ಕೆ ಅರ್ಜಿ ಹಾಕುವಂತಿರಲಿಲ್ಲ. ಕಾಗದದ ಮೇಲೆ ನಷ್ಟ ಇಲ್ಲ, ಅರ್ಹತೆ ಬಂದ ದಿನದಿಂದಲೇ ಲೆಕ್ಕ ಹಿಡಿಯುತ್ತಾರೆ. ಆದರೆ 12ರಿಂದ 13ಎ ಮೆಟ್ಟಿಲು ಸಣ್ಣದಲ್ಲ. ಮೊದಲ ಬಡ್ತಿಯಲ್ಲಿ ಮೂಲವೇತನ ಸುಮಾರು 4 ಸಾವಿರ ಏರಿದರೆ ಇಲ್ಲಿ 13ಎ ಶುರುವಾಗುವುದೇ 1,31,400ರಿಂದ, ಹತ್ತಿರ ಹತ್ತಿರ 40 ಸಾವಿರದ ಜಿಗಿತ. ಮನೆ ಸಾಲ, ಮಗಳ ಕಾಲೇಜು ಎಲ್ಲ ಈ ಒಂದು ಸಭೆಯ ದಿನಾಂಕಕ್ಕೆ ಜೋತುಬಿದ್ದಿರುತ್ತದೆ. ಹಾಗಿರುವಾಗ ಅವನು ಪಾಠದ ಬಗ್ಗೆ ಯೋಚಿಸುತ್ತಾನೋ, ಫೈಲಿನ ಬಗ್ಗೆಯೋ?

ಯುಜಿಸಿ ಬದಲಾಗಲಿ, ಸರ್ಕಾರ ಹುದ್ದೆ ತುಂಬಲಿ ಅಂತ ಕಾಯುವುದು ಇದ್ದೇ ಇದೆ. 2021ರಲ್ಲಿ ಕರೆದ 1,242 ಸಹಾಯಕ ಪ್ರಾಧ್ಯಾಪಕ ಹುದ್ದೆಗಳಿಗೆ ಪರೀಕ್ಷೆ ನಡೆದದ್ದೇ 2022ರ ಮಾರ್ಚಿನಲ್ಲಿ, ಆದೇಶ ಕೈಗೆ ಸಿಕ್ಕಿದ್ದು ಇನ್ನೂ ಆಮೇಲೆ. ಆದರೆ ವಿಶ್ವವಿದ್ಯಾಲಯ ತನ್ನ ಕೈಯಾರೆ ಮಾಡಬಹುದಾದದ್ದೂ ಸಾಕಷ್ಟಿದೆ, ಬಹಳಷ್ಟಕ್ಕೆ ದುಡ್ಡೂ ಬೇಡ. ಅರ್ಹತೆ ಬರುವ ಮೂರು ತಿಂಗಳು ಮೊದಲೇ ಅರ್ಜಿ ಕೊಡಬಹುದು ಅಂತ ನಿಯಮವೇ ಹೇಳುತ್ತದೆ. ಹಾಗಿದ್ದರೆ ಪರೀಕ್ಷಾ ವೇಳಾಪಟ್ಟಿಯಂತೆ ಬಡ್ತಿ ಸಭೆಗೂ ವರ್ಷಕ್ಕೆರಡು ದಿನಾಂಕ ಗೊತ್ತು ಮಾಡಿ ಪ್ರಕಟಿಸುವುದಕ್ಕೆ ಏನು ಅಡ್ಡಿ? ಹೊಸದಾಗಿ ಸೇರಿದವನಿಗೆ ವಾರಕ್ಕೆ 16 ಗಂಟೆ ಪಾಠದ ಮೇಲೆ ಮೂರು ಸಮಿತಿ ಹೇರುವುದನ್ನು ಮೊದಲ ಎರಡು ವರ್ಷ ನಿಲ್ಲಿಸಬಹುದು. ಅವನ ತರಗತಿಯ ಹಿಂದಿನ ಬೆಂಚಿನಲ್ಲಿ ಹಿರಿಯರೊಬ್ಬರು ತಿಂಗಳಿಗೊಮ್ಮೆ ಕುಳಿತು, ಆಮೇಲೆ ಕ್ಯಾಂಟೀನಿನಲ್ಲಿ ಚಹಾ ಕುಡಿಯುತ್ತ ಮಾತಾಡಬಹುದು. ಇದಕ್ಕೆ ಫಾರ್ಮ್ ಮಾತ್ರ ಮಾಡಬಾರದು. ಫಾರ್ಮ್ ಬಂದ ದಿನ ಅದೂ ಜೆರಾಕ್ಸ್ ಅಂಗಡಿಗೆ ಹೋಗುತ್ತದೆ.

ಟಿಳಕವಾಡಿಯಲ್ಲಿ ನಾವು ಐದು ಜನ ಶನಿವಾರ ಮಧ್ಯಾಹ್ನ ಸೇರುತ್ತೇವೆ. ಯಾರಾದರೂ ಬರೆದ ಹತ್ತು ಪುಟ ತರಬೇಕು, ಉಳಿದವರು ಕೆಂಪು ಪೆನ್ನು ತರಬೇಕು. ಶುರುವಾದದ್ದು ಸುಮ್ನೆ ಹರಟೆಗೆ. ಮೂರು ವರ್ಷದಲ್ಲಿ ನಾಲ್ಕು ಒಳ್ಳೆಯ ಪ್ರಬಂಧ ಹೊರಬಂದವು, ಒಂದು ಜಗಳವೂ ಆಯಿತು. ಐವರಲ್ಲಿ ಇಬ್ಬರು ಅತಿಥಿ ಉಪನ್ಯಾಸಕರು. ಬೈಲಹೊಂಗಲದವರು ಅವರಲ್ಲಿ ಒಬ್ಬರು, ಬರೆಯುವುದರಲ್ಲಿ ನಮ್ಮೆಲ್ಲರಿಗಿಂತ ಚುರುಕು.

ಹೋದ ವಾರ ಅವರು ಬರಿಗೈಯಲ್ಲಿ ಬಂದರು. ಯಾಕ್ರಿ ಅಂದೆ. ಸೆಮಿಸ್ಟರ್ ಮುಗಿಯಿತಲ್ಲ, ನೇಮಕದ ಅವಧಿಯ ಜೊತೆ ಲೈಬ್ರರಿ ಕಾರ್ಡಿನ ಅವಧಿಯೂ ಮುಗಿದಿದೆ. ಬೇಕಾದ ಪುಸ್ತಕ ಕಪಾಟಿನಲ್ಲೇ ಇದೆ, ಮನೆಗೆ ಕೊಡುವುದಿಲ್ಲ ಅಂದರಂತೆ. ವರ್ಷದಲ್ಲಿ ಓದಲು ಬಿಡುವು ಸಿಗುವುದೇ ಈ ಎರಡು ತಿಂಗಳು. ಕುಲಸಚಿವರ ಒಂದು ಸಾಲಿನ ಆದೇಶ ಸಾಕು, ಕಾರ್ಡು ವರ್ಷಪೂರ್ತಿ ನಡೆಯುತ್ತದೆ. ಅರ್ಜಿ ಬರೆದುಕೊಟ್ಟಿದ್ದಾರೆ. ಮೂರು ಸೆಟ್ ಜೆರಾಕ್ಸ್ ಸಮೇತ.